ಮೊದಲು ಹಳೇ ಪ್ರಶ್ನೆಪತ್ರಿಕೆ, ಆಮೇಲೆ ಕೋಚಿಂಗ್

(ಕೊಡಗಿನ ಗೋಣಿಕೊಪ್ಪಲಿನಲ್ಲಿ ಪಿಯು ವಿಜ್ಞಾನ ಓದುತ್ತಿರುವ ಮಕ್ಕಳು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಭಾಷಣಕಾರನಲ್ಲ. ಇಪ್ಪತ್ತೈದು ವರ್ಷದಿಂದ ಔಷಧಿ ಅಂಗಡಿಯ ಕೌಂಟರ್ ಹಿಂದೆ ನಿಂತವನು. ಡಾಕ್ಟರ ಕೈಬರಹದ ಚೀಟಿ ಕೊಟ್ಟರೆ ಸಲೀಸಾಗಿ ಓದುತ್ತೇನೆ, ಮೈಕ್ ಕೊಟ್ಟರೆ ಕೈ ನಡುಗುತ್ತದೆ. ಆದರೂ ಒಪ್ಪಿಕೊಂಡು ಬಂದಿದ್ದೇನೆ. ಯಾಕೆಂದರೆ ಪ್ರತಿ ವರ್ಷ ಮೇ ತಿಂಗಳು ಬಂತೆಂದರೆ ಸಾಕು, ಬಿಪಿ ಮಾತ್ರೆಗೆ ಬಂದವರು ಮಾತ್ರೆಯ ಜೊತೆಗೆ ಒಂದು ಪ್ರಶ್ನೆಯನ್ನೂ ಕೌಂಟರಿನ ಮೇಲೆ ಇಡುತ್ತಾರೆ: ‘ಮಗಳಿಗೆ ಬಿ.ಫಾರ್ಮಾ ಮಾಡಿಸಬೇಕು ಅಂತಿದ್ದೇವೆ. ಯಾವ ಕೋಚಿಂಗ್ ಒಳ್ಳೇದು?’

ಈ ಪ್ರಶ್ನೆಗೆ ಉತ್ತರ ಹೇಳುವ ಯೋಗ್ಯತೆ ನನಗೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಬಿ.ಫಾರ್ಮಾ ಎಂದರೆ ಫಾರ್ಮಸಿ ಪದವಿ. ನಾನು ಓದಿದ್ದು ಡಿಪ್ಲೊಮಾ, ಅಂದರೆ ಡಿ.ಫಾರ್ಮಾ. ಪಿಯುಸಿ ಅಂಕಪಟ್ಟಿ ಹಿಡಿದುಕೊಂಡು ಹೋಗಿ ಸೇರಿದವನು. ಪ್ರವೇಶ ಪರೀಕ್ಷೆ ಬರೆದವನೇ ಅಲ್ಲ. ನನಗೆ ಗೊತ್ತಿರುವುದೆಲ್ಲಾ ನನ್ನ ಮಗಳ ವಿಷಯದಲ್ಲಿ ಕೈ ಸುಟ್ಟುಕೊಂಡು ಕಲಿತದ್ದು. ಅವಳು 2024ರಲ್ಲಿ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿ ಬರೆದು ಬಿ.ಫಾರ್ಮಾ ಸೇರಿದಳು. ಸೀಟು ಸಿಕ್ಕಿತು, ಸರಿ. ಆದರೆ ಅದಕ್ಕೂ ನಾನು ಕಟ್ಟಿದ ದುಡ್ಡಿಗೂ ಸಂಬಂಧ ಬಹಳ ಕಡಿಮೆ.

ಮೊದಲು ಆ ಕಥೆ ಹೇಳಿಬಿಡುತ್ತೇನೆ. 2022ರಲ್ಲಿ ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದಳು. ಆಗಲೇ ಅವಳ ಬಾಯಲ್ಲಿ ಫಾರ್ಮಸಿ ಬಿಟ್ಟು ಬೇರೆ ಮಾತಿರಲಿಲ್ಲ. ಅಂಗಡಿಯಲ್ಲೇ ಬೆಳೆದ ಹುಡುಗಿ ಅಲ್ವಾ? ನಾನು ಮಾತ್ರ ಬುದ್ಧಿವಂತಿಕೆ ತೋರಿಸಲು ಹೋದೆ. ಘಾಟಿ ಇಳಿದ ಮೇಲೆ ಸಿಗುವ ಒಂದು ಊರಿನ ಕೋಚಿಂಗ್ ಸಂಸ್ಥೆಗೆ ಕರೆದುಕೊಂಡು ಹೋದೆ. ಎಸಿ ರೂಮು, ಗೋಡೆ ತುಂಬಾ ಮಕ್ಕಳ ಫೋಟೋ. ಅಲ್ಲಿದ್ದವರು ಕೇಳಿದ ಮೊದಲ ಮಾತು, ‘ಬರೀ ಫಾರ್ಮಸಿ ಯಾಕೆ ಸಾರ್, ನೀಟ್ ಪ್ಲಸ್ ಸಿಇಟಿ ಪ್ಯಾಕೇಜ್ ಹಾಕಿಬಿಡಿ. ನೀಟ್ ಓದಿದವರಿಗೆ ಸಿಇಟಿ ನೀರು ಕುಡಿದ ಹಾಗೆ.’ ನೀಟ್ ಎಂದರೆ ಡಾಕ್ಟರ್ ಓದಿಗೆ ಬರೆಯುವ ಪ್ರವೇಶ ಪರೀಕ್ಷೆ. ಅವರ ಮಾತು ಹೌದೆನ್ನಿಸಿತು. ಎರಡು ವರ್ಷದ ಪೂರ್ತಿ ಫೀಸು ಒಂದೇ ಸಲ ಕಟ್ಟಿದೆ. ಒಂದೇ ಸಲ ಕಟ್ಟಿದರೆ ರಿಯಾಯಿತಿ ಎಂದಿದ್ದರು. ಮೂರನೇ ತಿಂಗಳಿಗೆ ಭೌತಶಾಸ್ತ್ರದ ಮೇಷ್ಟ್ರು ಬಿಟ್ಟುಹೋದರು. ಎರಡು ಬ್ಯಾಚನ್ನು ಸೇರಿಸಿ ಒಂದು ಮಾಡಿದರು. ಹಿಂದಿನ ಬೆಂಚಿನಿಂದ ಬೋರ್ಡು ಕಾಣುತ್ತಿರಲಿಲ್ಲ. ದುಡ್ಡು ವಾಪಸ್ ಕೇಳಲು ಹೋದರೆ ರಸೀತಿಯ ಹಿಂಬದಿ ತೋರಿಸಿದರು. ಇರುವೆ ಗಾತ್ರದ ಅಕ್ಷರದಲ್ಲಿ ‘ಯಾವ ಕಾರಣಕ್ಕೂ ಹಿಂದಿರುಗಿಸುವುದಿಲ್ಲ’ ಎಂದಿತ್ತು. ಮಾತ್ರೆ ಡಬ್ಬಿಯ ಮೇಲಿನ ಸಣ್ಣಕ್ಷರ ಓದುವುದೇ ನನ್ನ ಕಸುಬು. ಅಂದು ಓದಿರಲಿಲ್ಲ.

ಈಗ ವಿಷಯಕ್ಕೆ ಬರೋಣ. ಕೋಚಿಂಗ್ ಆರಿಸುವ ಮೊದಲು ಪರೀಕ್ಷೆ ಯಾವುದು ಎಂದು ತಿಳಿದಿರಬೇಕು. ಇದೇನು ಹೇಳಬೇಕಾದ ಮಾತಾ ಎಂದು ನಗಬೇಡಿ. ಸಿದ್ದಾಪುರದ ಕಡೆಯ ಒಬ್ಬ ತಂದೆ ಮಗನಿಗೆಂದು ಆನ್‌ಲೈನಲ್ಲಿ ದಪ್ಪ ಪುಸ್ತಕ ತರಿಸಿ ನನಗೆ ತೋರಿಸಲು ತಂದಿದ್ದರು. ನೋಡಿದರೆ ಜಿಪ್ಯಾಟ್ ಪುಸ್ತಕ. ಅದು ಬಿ.ಫಾರ್ಮಾ ಮುಗಿಸಿದವರು ಎಂ.ಫಾರ್ಮಾ ಸೇರಲು ಬರೆಯುವ ಪರೀಕ್ಷೆ. 125 ಪ್ರಶ್ನೆ, 500 ಅಂಕ. ಹುಡುಗ ಇನ್ನೂ ಮೊದಲ ಪಿಯುಸಿ! ಇನ್ನೊಬ್ಬರ ಮನೆಯಲ್ಲಿ ಪಿಕ್ಯಾಟ್ ಎಂಬ ಪುಸ್ತಕ ಇತ್ತು. ಅದು ಅಮೆರಿಕದ ಫಾರ್ಮಸಿ ಕಾಲೇಜುಗಳ ಪ್ರವೇಶ ಪರೀಕ್ಷೆ. 2024ರ ಜನವರಿಯ ನಂತರ ಆ ಪರೀಕ್ಷೆಯೇ ನಿಂತುಹೋಗಿದೆ. ಅಲ್ಲಿಯವರಿಗೇ ಬೇಡವಾದ ಪುಸ್ತಕ ನಮ್ಮ ಕಾಫಿ ತೋಟದ ಮನೆಗೆ ಬಂದು ಕೂತಿದೆ. ಇಂಗ್ಲಿಷಿನಲ್ಲಿ ‘ಫಾರ್ಮಸಿ ಎಂಟ್ರೆನ್ಸ್’ ಎಂದು ಹುಡುಕಿದರೆ ಹೀಗೇ ಆಗುವುದು.

ನಮ್ಮ ಮಕ್ಕಳಿಗೆ ಬೇಕಾದದ್ದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿ. ಬಿ.ಫಾರ್ಮಾಗೂ ಅದೇ, ಫಾರ್ಮಾ-ಡಿಗೂ ಅದೇ. ಬಿ.ಫಾರ್ಮಾ ನಾಲ್ಕು ವರ್ಷ. ಫಾರ್ಮಾ-ಡಿ ಆರು ವರ್ಷ, ಅದರಲ್ಲಿ ಕೊನೆಯ ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಇವೆರಡಕ್ಕೂ ನೀಟ್ ಬೇಕಿಲ್ಲ. ಎರಡು ವರ್ಷದ ಡಿ.ಫಾರ್ಮಾಗೆ ಸಿಇಟಿಯೂ ಬೇಡ, ವಿಜ್ಞಾನದ ಪಿಯುಸಿ ಪಾಸಾಗಿದ್ದರೆ ಆಯಿತು. ಅದನ್ನು ಮುಗಿಸಿ ಬಿ.ಫಾರ್ಮಾ ಎರಡನೇ ವರ್ಷಕ್ಕೆ ನೇರವಾಗಿ ಸೇರುವ ದಾರಿಯೂ ಇದೆ. ಮಣಿಪಾಲದಂಥ ಡೀಮ್ಡ್ ವಿಶ್ವವಿದ್ಯಾಲಯಗಳು ತಮ್ಮದೇ ಪರೀಕ್ಷೆ ಇಟ್ಟುಕೊಂಡಿವೆ. ಅಲ್ಲಿಯ ಫೀಸು ನೋಡಿಕೊಂಡು ಆ ಕಡೆ ಹೆಜ್ಜೆ ಇಡಿ.

ಸಿಇಟಿಯ ಲೆಕ್ಕ ಸರಳ. ಒಂದು ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ಭೌತಶಾಸ್ತ್ರ, ರಸಾಯನಶಾಸ್ತ್ರ ಬರೆಯಲೇಬೇಕು. ಜೊತೆಗೆ ಜೀವಶಾಸ್ತ್ರ ಅಥವಾ ಗಣಿತ. ಅಂದರೆ ಒಟ್ಟು 180 ಅಂಕ, ಒಂದು ಪ್ರಶ್ನೆಗೆ 80 ಸೆಕೆಂಡು. ತಪ್ಪಾದರೆ ಅಂಕ ಕಳೆಯುವುದಿಲ್ಲ. ಈ ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ಯಾಕೆಂದರೆ ನೀಟ್‌ನಲ್ಲಿ ಹಾಗಿಲ್ಲ. ಅಲ್ಲಿ ಸರಿಗೆ ನಾಲ್ಕು, ತಪ್ಪಿಗೆ ಒಂದು ಕಡಿತ. ಈಗ 180 ಪ್ರಶ್ನೆಗೆ 180 ನಿಮಿಷ. ಆದ್ದರಿಂದ ನೀಟ್ ಮೇಷ್ಟ್ರುಗಳು ಮಕ್ಕಳಿಗೆ ಮೊದಲ ದಿನದಿಂದ ಹೇಳಿಕೊಡುವ ಪಾಠ: ‘ಅನುಮಾನ ಇದ್ದರೆ ಬಿಡು.’ ನೀಟ್‌ಗೆ ಅದು ಸರಿಯಾದ ಪಾಠವೇ. ನನ್ನ ಮಗಳು ಒಂದೂವರೆ ವರ್ಷ ಅದನ್ನೇ ಅಭ್ಯಾಸ ಮಾಡಿದ್ದಳು. ಮನೆಯಲ್ಲಿ ಮೊದಲ ಸಲ ಸಿಇಟಿಯ ಹಳೇ ಭೌತಶಾಸ್ತ್ರ ಪತ್ರಿಕೆ ಬರೆಸಿದಾಗ 12 ಪ್ರಶ್ನೆ ಖಾಲಿ ಬಿಟ್ಟಿದ್ದಳು. ‘ಯಾಕಮ್ಮಾ?’ ಎಂದರೆ ‘ಅನುಮಾನ ಇತ್ತು’ ಎಂದಳು. ನಾಲ್ಕು ಆಯ್ಕೆ ಇರುವ 12 ಪ್ರಶ್ನೆಗೆ ಕಣ್ಣು ಮುಚ್ಚಿ ಗುರುತು ಹಾಕಿದರೂ ಸರಾಸರಿ ಮೂರು ಅಂಕ ಬರುತ್ತದೆ. ಒಂದೆರಡು ಆಯ್ಕೆ ತಪ್ಪೆಂದು ಗೊತ್ತಿದ್ದರೆ ಇನ್ನೂ ಜಾಸ್ತಿ. ನೀರು ಕುಡಿದ ಹಾಗೆ ಎಂದರಲ್ಲ, ಆ ನೀರು ಗಂಟಲಲ್ಲಿ ಸಿಕ್ಕಿಕೊಂಡದ್ದು ಇಲ್ಲಿ.

ನಮ್ಮಲ್ಲಿ ಕಕ್ಕಡ ತಿಂಗಳ ಹದಿನೆಂಟರಂದು ಮದ್ದು ಸೊಪ್ಪಿನ ಪಾಯಸ ಮಾಡುತ್ತೇವೆ. ಆ ದಿನ ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರುತ್ತದೆ ಎಂದು ಹಿರಿಯರ ನಂಬಿಕೆ. ನಾನೂ ಎರಡು ಲೋಟ ಕುಡಿಯುತ್ತೇನೆ, ಅದರ ಬಣ್ಣವೇ ಒಂದು ಸೊಗಸು. ಕೋಚಿಂಗ್ ಕರಪತ್ರ ನೋಡಿದಾಗಲೆಲ್ಲಾ ನನಗೆ ಈ ಸೊಪ್ಪು ನೆನಪಾಗುತ್ತದೆ. ನೀಟ್, ಜೆಇಇ, ಸಿಇಟಿ, ಅಗ್ರಿ, ವೆಟರ್ನರಿ, ನರ್ಸಿಂಗ್, ಫಾರ್ಮಸಿ, ಬೋರ್ಡ್ ಪರೀಕ್ಷೆ, ಎಲ್ಲಾ ಒಂದೇ ಬಟ್ಟಲಲ್ಲಿ. ಫಾರ್ಮಸಿ ಎಂಬ ಹೆಸರು ಕರಪತ್ರದಲ್ಲಿ ಇದ್ದೇ ಇರುತ್ತದೆ. ಆದರೆ ಪಾಠ ನಡೆಯುವುದು ಡಾಕ್ಟರ್ ಆಗಬೇಕೆನ್ನುವವರ ವೇಗಕ್ಕೆ. ಉಳಿದವರು ಹಿಂದಿನ ಬೆಂಚು.

ಹಾಗಾದರೆ ಏನು ಮಾಡಬೇಕು? ನಾನು ಹೇಳುವುದು ಒಂದೇ. ಯಾವ ಸಂಸ್ಥೆಗೂ ಕಾಲಿಡುವ ಮೊದಲು ಮಗುವಿನ ಕೈಯಲ್ಲಿ ಹಳೇ ಸಿಇಟಿ ಪತ್ರಿಕೆ ಬರೆಸಿ. ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ, ಕೀ ಉತ್ತರ ಎರಡೂ ಪುಕ್ಕಟೆ ಸಿಗುತ್ತವೆ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ. ಭಾನುವಾರ ಬೆಳಗ್ಗೆ 80 ನಿಮಿಷ ಮೊಬೈಲ್ ಎತ್ತಿಟ್ಟು, ಬಾಗಿಲು ಹಾಕಿ ಬರೆಸಿ. ಒಂದು ಭಾನುವಾರ ಒಂದು ವಿಷಯ. ಮೂರು ವಾರದಲ್ಲಿ ಮೂರೂ ಮುಗಿಯುತ್ತವೆ. ರೋಗಿಯನ್ನು ನೋಡದೆ ಯಾರಾದರೂ ಔಷಧಿ ಬರೆದರೆ ನಾವು ಬಿಡುತ್ತೇವಾ?

ಅಂಕ ಎಷ್ಟು ಬಂತು ಎನ್ನುವುದು ಆಮೇಲೆ. ತಪ್ಪಾದ ಒಂದೊಂದು ಪ್ರಶ್ನೆಯ ಪಕ್ಕ ಯಾಕೆ ತಪ್ಪಾಯಿತು ಎಂದು ಮಗುವೇ ಬರೆಯಬೇಕು. ಪಾಠವೇ ಗೊತ್ತಿರಲಿಲ್ಲವಾ? ಗೊತ್ತಿತ್ತು, ಸಮಯ ಸಾಲಲಿಲ್ಲವಾ? ಪ್ರಶ್ನೆಯಲ್ಲಿನ ‘ಅಲ್ಲ’ ಎನ್ನುವ ಪದ ಕಣ್ಣಿಗೆ ಬೀಳಲಿಲ್ಲವಾ? ಉತ್ತರ ಸರಿ ಇತ್ತು, ಓಎಂಆರ್ ಎಂಬ ಉತ್ತರ ಹಾಳೆಯಲ್ಲಿ ಒಂದು ಸಾಲು ಕೆಳಗಿನ ವೃತ್ತ ತುಂಬಿದ್ದಾ? ಪೆನ್ನಿನಲ್ಲಿ ತುಂಬಿದ್ದನ್ನು ಅಳಿಸಲು ಬರುವುದಿಲ್ಲ, ನೆನಪಿರಲಿ.

ನನ್ನ ಮಗಳ ಮೂರು ಪತ್ರಿಕೆಯನ್ನು ಅಂಗಡಿಯ ಸ್ಟಾಕ್ ಪುಸ್ತಕದ ಹಾಗೆ ಗೆರೆ ಎಳೆದು ಕೂತು ನೋಡಿದೆವು. ಜೀವಶಾಸ್ತ್ರದಲ್ಲಿ ತಪ್ಪಾದದ್ದು ಹೆಚ್ಚಾಗಿ ಅವಸರಕ್ಕೆ. ಅದಕ್ಕೆ ಯಾವ ಮೇಷ್ಟ್ರೂ ಬೇಕಿಲ್ಲ. ರಸಾಯನಶಾಸ್ತ್ರದಲ್ಲಿ ಆರ್ಗ್ಯಾನಿಕ್ ಚೆನ್ನಾಗಿತ್ತು, ಲೆಕ್ಕ ಬಂದಲ್ಲೆಲ್ಲಾ ಎಡವಿದ್ದಳು. ಭೌತಶಾಸ್ತ್ರದಲ್ಲಿ ಮೊದಲ ಪಿಯುಸಿಯ ಪಾಠಗಳೇ ನೆಟ್ಟಗಿರಲಿಲ್ಲ. ಸಿಇಟಿಯಲ್ಲಿ ಎರಡೂ ವರ್ಷದ ಪಾಠದಿಂದ ಪ್ರಶ್ನೆ ಬರುತ್ತದೆ. ಮೊದಲ ವರ್ಷದ್ದನ್ನು ಮಕ್ಕಳು ಮರೆತಿರುತ್ತಾರೆ. ಅಂದರೆ ಅವಳಿಗೆ ಬೇಕಾಗಿದ್ದದ್ದು ಭೌತಶಾಸ್ತ್ರಕ್ಕೆ ಒಬ್ಬ ಒಳ್ಳೇ ಮೇಷ್ಟ್ರು, ರಸಾಯನಶಾಸ್ತ್ರದ ಲೆಕ್ಕಕ್ಕೆ ಒಂದಷ್ಟು ಅಭ್ಯಾಸ, ಗಡಿಯಾರ ಇಟ್ಟು ಬರೆಯುವ ಪರೀಕ್ಷೆಗಳು. ನಾನು ದುಡ್ಡು ಕಟ್ಟಿದ್ದು ಇಡೀ ಸಂತೆಗೆ.

ಲೆಕ್ಕದ ಭಾಗವನ್ನು ನಾನೇ ಹೇಳಿಕೊಟ್ಟೆ. ಇದನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೇನೆ. ಅಂಗಡಿಯಲ್ಲಿ ಸಲೈನ್ ಬಾಟಲಿ ಇರುತ್ತದಲ್ಲ, ಅದರ ಮೇಲೆ 0.9% ಎಂದಿರುತ್ತದೆ. 100 ಮಿಲಿಯಲ್ಲಿ 0.9 ಗ್ರಾಂ ಉಪ್ಪು. ಹಾಗಾದರೆ 500 ಮಿಲಿ ಬಾಟಲಿಯಲ್ಲಿ ಎಷ್ಟು? 4.5 ಗ್ರಾಂ. ಲೀಟರಿಗೆ 9 ಗ್ರಾಂ. ಸೋಡಿಯಂ ಕ್ಲೋರೈಡಿನ ಮೋಲಾರ್ ತೂಕ 58.5. ಭಾಗಿಸಿದರೆ 0.154 ಮೋಲಾರ್. ಇದೇ ಲೆಕ್ಕವನ್ನು ಬೇರೆ ಅಂಗಿ ತೊಡಿಸಿ ಪರೀಕ್ಷೆಯಲ್ಲಿ ಕೇಳುತ್ತಾರೆ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಬಾಟಲಿ, ಟಾನಿಕ್, ಓಆರ್‌ಎಸ್ ಪೊಟ್ಟಣ ಹಿಡಿದುಕೊಂಡೇ ಎರಡು ತಿಂಗಳು ಮೋಲ್ ಲೆಕ್ಕ ಮಾಡಿದೆವು.

ಪತ್ರಿಕೆ ಬರೆಸಿ, ರೋಗ ಗೊತ್ತಾದ ಮೇಲೆ ಸಂಸ್ಥೆಗಳನ್ನು ನೋಡಲು ಹೊರಡಿ. ಆಗ ನಿಮ್ಮ ಕೈಯಲ್ಲಿ ಚೀಟಿ ಇರುತ್ತದೆ. ‘ನನ್ನ ಮಗಳಿಗೆ ಭೌತಶಾಸ್ತ್ರ ಮಾತ್ರ ಬೇಕು, ಕೊಡುತ್ತೀರಾ?’ ಎಂದು ಕೇಳಬಹುದು. ಒಂದು ವಿಷಯಕ್ಕೆ ಮಾತ್ರ ಸೇರಿಸಿಕೊಳ್ಳುವ ಸಣ್ಣ ಟ್ಯೂಷನ್‌ಗಳು ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ಕಡೆ ಹುಡುಕಿದರೆ ಸಿಗುತ್ತವೆ. ಗೋಡೆಯ ಮೇಲೆ ಫೋಟೋ ಇರುವುದಿಲ್ಲ, ಅಷ್ಟೇ.

ಫೋಟೋ ಎಂದಾಗ ನೆನಪಾಯಿತು. ಸಿಇಟಿ ಒಂದೇ ಪರೀಕ್ಷೆಯಾದರೂ ರ್‍ಯಾಂಕ್ ಪಟ್ಟಿ ಒಂದಲ್ಲ. ಇಂಜಿನಿಯರಿಂಗ್‌ಗೆ ಒಂದು, ಬಿ.ಫಾರ್ಮಾಗೆ ಒಂದು, ಫಾರ್ಮಾ-ಡಿಗೆ ಒಂದು, ಕೃಷಿಗೆ ಒಂದು, ಪಶುವೈದ್ಯಕ್ಕೆ ಒಂದು. ಒಬ್ಬನೇ ಬುದ್ಧಿವಂತ ಹುಡುಗ ಐದು ಪಟ್ಟಿಯಲ್ಲಿ ಮುಂದಿರುತ್ತಾನೆ. ಜಾಹೀರಾತಿನಲ್ಲಿ ಐದು ರ್‍ಯಾಂಕ್ ಎಂದು ಬರುತ್ತದೆ, ಮಗು ಒಂದೇ. ಆ ಮಗು ಅಲ್ಲಿ ಎರಡು ವರ್ಷ ಓದಿತ್ತಾ, ಬರೀ ಟೆಸ್ಟ್ ಬರೆಯಲು ಬಂದಿತ್ತಾ ಎಂದು ಕೇಳಿ. 2024ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಈ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆ ಫೋಟೋ ಹಾಕುವಂತಿಲ್ಲ, ಯಾವ ಕೋರ್ಸ್ ಓದಿದ್ದು ಎಂದು ಹೇಳಬೇಕು, ಸೀಟು ಗ್ಯಾರಂಟಿ ಎಂದು ಬರೆಯುವಂತಿಲ್ಲ. ‘ನೂರಕ್ಕೆ ನೂರು ಸೀಟು’ ಎಂದು ಯಾರಾದರೂ ಹೇಳಿದರೆ ಕಾಫಿ ಕುಡಿದು ಎದ್ದು ಬನ್ನಿ.

ಇನ್ನೊಂದು ಸಮಾಧಾನದ ಮಾತು. ಫಾರ್ಮಸಿ ಪಟ್ಟಿಯ ಮೊದಲ ಸಾಲಿನಲ್ಲಿರುವ ತುಂಬಾ ಮಕ್ಕಳು ಎಂಬಿಬಿಎಸ್, ಇಂಜಿನಿಯರಿಂಗ್ ಎಂದು ಬೇರೆ ಕಡೆ ಹೋಗುತ್ತಾರೆ. ಪಟ್ಟಿ ಕೆಳಗಿಳಿಯುತ್ತದೆ. ರ್‍ಯಾಂಕಿನ ಅಂಕಿ ನೋಡಿ ಹೆದರಿ ದೊಡ್ಡ ಪ್ಯಾಕೇಜಿಗೆ ಸಹಿ ಹಾಕಬೇಡಿ.

ಮುಂದೆ, ನೋಟ್ಸ್. ಇದು ನನ್ನ ಪಾಲಿಗೆ ಬಹಳ ಮುಖ್ಯ. 2024ರ ಏಪ್ರಿಲ್ 18, 19ರಂದು ನಡೆದ ಸಿಇಟಿ ನಿಮಗೆ ನೆನಪಿರಬಹುದು. ಪಠ್ಯದಿಂದ ಕೈಬಿಟ್ಟಿದ್ದ ಪಾಠಗಳಿಂದ ಪ್ರಶ್ನೆ ಬಂದು ರಾಜ್ಯವೆಲ್ಲಾ ಗಲಾಟೆಯಾಯಿತು. ನನ್ನ ಮಗಳು ಪರೀಕ್ಷೆ ಮುಗಿಸಿ ಕಣ್ಣೊರೆಸಿಕೊಳ್ಳುತ್ತಾ ಹೊರಬಂದಳು. ಆಮೇಲೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ತೆಗೆದುಹಾಕಿದರು. ಪ್ರಶ್ನೆ ಮಾಡಿದವರೇ ಹಳೇ ಪಠ್ಯ ನೋಡಿದ್ದರೆ ಕೋಚಿಂಗಿನವರ ನೋಟ್ಸ್ ಹೊಸದಿರುತ್ತದೆ ಎಂದು ಹೇಗೆ ನಂಬುವುದು?

ಇದನ್ನು ಪತ್ತೆ ಮಾಡಲು ಒಂದು ಸುಲಭ ಉಪಾಯ ಇದೆ. ಪಠ್ಯಪುಸ್ತಕ ಮಾಡುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ 2022ರಲ್ಲಿ ಪಠ್ಯಕ್ಕೆ ಕತ್ತರಿ ಹಾಕಿದಾಗ ಹನ್ನೆರಡನೇ ತರಗತಿಯ, ಅಂದರೆ ಎರಡನೇ ಪಿಯುಸಿಯ ರಸಾಯನಶಾಸ್ತ್ರದಿಂದ ಘನಸ್ಥಿತಿ, ಮೇಲ್ಮೈ ರಸಾಯನಶಾಸ್ತ್ರ, ಪಾಲಿಮರ್‌ಗಳು, ದಿನನಿತ್ಯದ ಜೀವನದಲ್ಲಿ ರಸಾಯನಶಾಸ್ತ್ರ, ಈ ಪಾಠಗಳೆಲ್ಲಾ ಹೋದವು. ಸಂಸ್ಥೆಯವರ ರಸಾಯನಶಾಸ್ತ್ರ ಪುಸ್ತಕ ಕೇಳಿ ತೆಗೆದುಕೊಂಡು ಪರಿವಿಡಿ ತೆರೆಯಿರಿ. ಈ ನಾಲ್ಕೂ ಅಲ್ಲಿ ಹಾಗೇ ಕೂತಿದ್ದರೆ, ‘ಈಗ ಇಲ್ಲ’ ಎಂಬ ಗುರುತೂ ಇಲ್ಲದಿದ್ದರೆ, ಆ ಪುಸ್ತಕ ಎಕ್ಸ್‌ಪೈರಿ ಆಗಿದೆ. ಅಲ್ಲಿಗೆ ನಿಮ್ಮ ಪರಿಶೀಲನೆ ಮುಗಿಯಿತು.

ಹಾಗೆ ಹೋದ ಪಾಠಗಳಲ್ಲಿ ಆ ಕೊನೆಯದರ ಬಗ್ಗೆ ನನಗೆ ಬೇಜಾರಿದೆ. ನೋವಿನ ಮಾತ್ರೆ, ಆಂಟಾಸಿಡ್, ಆಂಟಿಬಯೋಟಿಕ್, ಎಲ್ಲಾ ಇದ್ದದ್ದು ಆ ಪಾಠದಲ್ಲೇ. ಫಾರ್ಮಸಿ ಓದಲು ಹೊರಟ ಮಗುವಿಗೆ ಪಿಯುಸಿಯಲ್ಲಿ ಔಷಧಿಯ ಹೆಸರು ಪರಿಚಯ ಮಾಡಿಸುತ್ತಿದ್ದದ್ದು ಅದೊಂದೇ. ಪರೀಕ್ಷೆಗೆ ಬೇಡ ಬಿಡಿ, ಹಳೇ ಪುಸ್ತಕ ಸಿಕ್ಕರೆ ರಜೆಯಲ್ಲಿ ಸುಮ್ನೆ ಓದಿ.

ಇನ್ನು ದುಡ್ಡಿನ ವಿಷಯ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಕೊಟ್ಟಿತು. ಪೂರ್ತಿ ಫೀಸು ಕಟ್ಟಿದ ವಿದ್ಯಾರ್ಥಿ ಮಧ್ಯದಲ್ಲಿ ಬಿಟ್ಟರೆ ಉಳಿದ ಅವಧಿಯ ಹಣವನ್ನು 10 ದಿನದೊಳಗೆ ವಾಪಸ್ ಕೊಡಬೇಕು, ಕೋರ್ಸಿನ ಮಧ್ಯೆ ಫೀಸು ಏರಿಸಬಾರದು, 16 ವರ್ಷ ತುಂಬದವರನ್ನು ಸೇರಿಸಿಕೊಳ್ಳಬಾರದು, ಹೀಗೆ. ನಾನು ಕಟ್ಟಿದ್ದು 2022ರಲ್ಲಿ. ಮಾರ್ಗಸೂಚಿ ಬರುವ ಹೊತ್ತಿಗೆ ನನ್ನ ದುಡ್ಡು ಕಾವೇರಿ ಜೊತೆ ಹರಿದುಹೋಗಿತ್ತು. ನೀವು ಕಟ್ಟುವಾಗ ಇದನ್ನು ಕೇಳಿ, ರಸೀತಿಯ ಮೇಲೆ ಬರೆಸಿಕೊಳ್ಳಿ. ಕಂತಿನಲ್ಲಿ ಕಟ್ಟಿ, ರಿಯಾಯಿತಿ ಹೋದರೆ ಹೋಗಲಿ. ಹೇಳಿದ ಫೀಸಿನಲ್ಲಿ 18% ಜಿಎಸ್‌ಟಿ ಸೇರಿದೆಯಾ ಎಂದೂ ಕೇಳಿ, ಎಷ್ಟೋ ಜನ ಆಮೇಲೆ ಬೆಚ್ಚಿ ಬೀಳುತ್ತಾರೆ. ಮೋಸ ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಈಗ ನಮ್ಮ ಕೊಡಗಿನ ಸಂಗತಿ. ಬೆಂಗಳೂರಿನವರು ಬರೆಯುವ ಸಲಹೆಗಳಲ್ಲಿ ಇದು ಇರುವುದಿಲ್ಲ. ಕ್ಲಾಸ್ ಎಷ್ಟು ಹೊತ್ತಿಗೆ ಬಿಡುತ್ತಾರೆ ಎನ್ನುವುದು ನಮಗೆ ಮೊದಲ ಪ್ರಶ್ನೆ. ತಿತಿಮತಿ, ಮಾಲ್ದಾರೆ, ಸಿದ್ದಾಪುರದ ಕಡೆಯ ಮಕ್ಕಳು ಕತ್ತಲಾದ ಮೇಲೆ ಬಸ್ಸಿಳಿದು ತೋಟದೊಳಗೆ ನಡೆಯಬೇಕು. ಆನೆ ಯಾವ ಕಾಫಿ ಗಿಡದ ಹಿಂದೆ ನಿಂತಿದೆ ಎಂದು ಯಾರಿಗೆ ಗೊತ್ತು? ಎಷ್ಟೇ ಒಳ್ಳೇ ಮೇಷ್ಟ್ರಾಗಲಿ, ಏಳು ಗಂಟೆಗೆ ಬಿಡುವ ಕ್ಲಾಸು ಆ ಮಕ್ಕಳಿಗೆ ಬೇಡ.

ಆನ್‌ಲೈನ್ ಇದೆಯಲ್ಲ ಎನ್ನುತ್ತೀರಿ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಏನಾಗುತ್ತದೆ ಎಂದು ನಿಮಗೆ ಹೇಳಬೇಕಾ? ಮರ ಬಿದ್ದು ಕರೆಂಟು ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಟವರ್ ಬ್ಯಾಟರಿ ಸಾಯುತ್ತದೆ. ಆಮೇಲೆ ಲೈವ್ ಕ್ಲಾಸೂ ಇಲ್ಲ, ಮನೆಗೆ ಫೋನೂ ಇಲ್ಲ. ನಾಪೋಕ್ಲು, ಭಾಗಮಂಡಲದ ಕಡೆಯವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಆನ್‌ಲೈನ್ ತೆಗೆದುಕೊಳ್ಳುವುದಾದರೆ ಪಾಠ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಲು ಬರುತ್ತದೆಯಾ, ಎಷ್ಟು ದಿನ ಉಳಿಯುತ್ತದೆ, ಟೆಸ್ಟುಗಳು ಕಾಗದದ ಮೇಲೂ ಸಿಗುತ್ತವೆಯಾ ಎಂದು ಕೇಳಿ. ಬರೀ ಲೈವ್ ಎಂದರೆ ಬೇಡ. ಮೂರು ದಿನದ ಡೆಮೋವನ್ನು ಜುಲೈ ಮಳೆಯಲ್ಲಿ ನೋಡಿ, ಫೆಬ್ರವರಿಯ ಬಿಸಿಲಲ್ಲಿ ಅಲ್ಲ.

ಮೈಸೂರಿಗೋ ಮಂಗಳೂರಿಗೋ ಹಾಸ್ಟೆಲಿಗೆ ಕಳಿಸುವುದು ಮೂರನೇ ದಾರಿ. ಕಳಿಸುವವರು ಕಳಿಸಿ, ನನ್ನ ವಿರೋಧವೇನಿಲ್ಲ. ಮಗು ಭೌತಶಾಸ್ತ್ರದಲ್ಲಿ 60ಕ್ಕೆ 18 ತೆಗೆಯುತ್ತಿದ್ದರೆ ಊರು ಬದಲಾಯಿಸಿದ ಮಾತ್ರಕ್ಕೆ ಅದು 40 ಆಗುವುದಿಲ್ಲ. ಕೆಲವು ಮಕ್ಕಳಿಗೆ ಹಾಸ್ಟೆಲ್ ಒಗ್ಗುತ್ತದೆ. ಕೆಲವರು ಪುತ್ತರಿ ಹಬ್ಬಕ್ಕೆ ರಜೆ ಕೊಡಲಿಲ್ಲ ಎಂದು ರಾತ್ರಿಯೆಲ್ಲಾ ಅಳುತ್ತಾರೆ. ಅದೇನೂ ನಗುವ ವಿಷಯ ಅಲ್ಲ.

ಸಿಇಟಿ ಬರುವುದು ಏಪ್ರಿಲ್‌ನಲ್ಲಿ. ಏಪ್ರಿಲ್ ಎಂದರೆ ನಮಗೆ ಹಾಕಿ. 1997ರಿಂದ ಕೊಡವ ಕುಟುಂಬಗಳ ಹಾಕಿ ಉತ್ಸವ ಹೆಚ್ಚುಕಡಿಮೆ ಅದೇ ಹೊತ್ತಿಗೆ ನಡೆಯುತ್ತಾ ಬಂದಿದೆ. ತಂಡದಲ್ಲಿ ಆಡುವ ಹುಡುಗ ಹುಡುಗಿಯರು ಇಲ್ಲೂ ಇದ್ದೀರಿ, ನನಗೆ ಗೊತ್ತು. ಆಡಬೇಡಿ ಎಂದು ಹೇಳುವ ಧೈರ್ಯ ನನಗಿಲ್ಲ. ಮಾರ್ಚ್‌ನಲ್ಲಿ ಬೋರ್ಡ್ ಪರೀಕ್ಷೆ ಮುಗಿದ ಮೇಲೆ ಕ್ರ್ಯಾಶ್ ಕೋರ್ಸ್ ಸೇರಿ ಎಲ್ಲಾ ಸರಿಮಾಡುತ್ತೇನೆ ಎನ್ನುವ ಲೆಕ್ಕ ಮಾತ್ರ ನಿಮ್ಮಂಥವರಿಗೆ ಆಗುವುದಿಲ್ಲ. ಕ್ರ್ಯಾಶ್ ಕೋರ್ಸ್ ಎಂದರೆ ಓದಿದ್ದನ್ನು ಮತ್ತೆ ತಿರುವಿ ಹಾಕುವುದು. ಓದದೇ ಇದ್ದದ್ದನ್ನು ಆ ಒಂದು ತಿಂಗಳಲ್ಲಿ ತುಂಬಲು ಆಗದು.

ಡೆಮೋ ಕ್ಲಾಸಿಗೆ ಹೋದಾಗ ಮೇಷ್ಟ್ರ ಮಾತಿಗೆ ಮರುಳಾಗಬೇಡಿ. ಡೆಮೋ ಮಾಡುವವರೇ ವರ್ಷವಿಡೀ ಬರುತ್ತಾರಾ ಎಂದು ಕೇಳಿ. ಪಾಠ ಮುಗಿದ ಮೇಲೆ ಮಗು ಎದ್ದು ಒಂದು ಸಂದೇಹ ಕೇಳಲಿ. ಕನ್ನಡ ಮಾಧ್ಯಮದಿಂದ ಬಂದ ಮಗುವಾದರೆ ಕನ್ನಡದಲ್ಲೇ ಕೇಳಲಿ. ಅವರು ಕನ್ನಡದಲ್ಲಿ ತಿಳಿಸಿ ಹೇಳುತ್ತಾರಾ, ಮುಖ ಸಿಂಡರಿಸುತ್ತಾರಾ ನೋಡಿ. ಇದಕ್ಕಿಂತ ದೊಡ್ಡ ಪರೀಕ್ಷೆ ಬೇರೆ ಇಲ್ಲ.

ಆಮೇಲೆ, ಕೋಚಿಂಗಿನ ಗಡಿಬಿಡಿಯಲ್ಲಿ ಕಾಗದಪತ್ರ ಮರೆಯಬೇಡಿ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ 15%, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5% ಮೀಸಲಾತಿ ಇದೆ. ಆ ಪ್ರಮಾಣಪತ್ರಗಳು ತಾಲ್ಲೂಕಿನ ಶಿಕ್ಷಣ ಇಲಾಖೆಯ ಸಹಿ ಹಾಕಿಸಿಕೊಂಡು ಮನೆಯಲ್ಲಿ ಸಿದ್ಧ ಇರಲಿ. ಎಷ್ಟೋ ಮನೆಗಳಲ್ಲಿ ಸಾವಿರಾರು ರೂಪಾಯಿ ಕೋಚಿಂಗಿಗೆ ಕಟ್ಟಿ, ಈ ಒಂದು ಹಾಳೆಗಾಗಿ ಕೊನೇ ದಿನ ಓಡಾಡಿದ್ದನ್ನು ನೋಡಿದ್ದೇನೆ. ಕಾಲೇಜು ಆರಿಸುವಾಗ ಅದಕ್ಕೆ ಭಾರತೀಯ ಫಾರ್ಮಸಿ ಪರಿಷತ್ತಿನ ಮಾನ್ಯತೆ ಇದೆಯಾ ಎಂದು ಪರಿಷತ್ತಿನ ವೆಬ್‌ಸೈಟಿನಲ್ಲೇ ನೋಡಿ. 1948ರ ಫಾರ್ಮಸಿ ಕಾಯ್ದೆಯ ಪ್ರಕಾರ ಮಾನ್ಯತೆ ಇಲ್ಲದ ಕಡೆ ಓದಿದರೆ ಫಾರ್ಮಸಿಸ್ಟ್ ಎಂದು ನೋಂದಣಿ ಆಗುವುದಿಲ್ಲ. ನೋಂದಣಿ ಇಲ್ಲದೆ ನನ್ನ ಕೌಂಟರಿನ ಹಿಂದೆ ಯಾರೂ ನಿಲ್ಲುವ ಹಾಗಿಲ್ಲ.

ನನ್ನ ಮಾತು ಇಷ್ಟೇ. ಪ್ರಶ್ನೆ ಕೇಳಿ.

(ಮೊದಲು ಕೇಳಿದ್ದು ಒಬ್ಬ ಹುಡುಗ: ‘ಕೋಚಿಂಗ್ ಇಲ್ಲದೆ ಆಗುತ್ತಾ ಸಾರ್?’)

ಆಗುತ್ತದೆ. ಮೂರು ಪತ್ರಿಕೆ ಬರೆದು ನೋಡು. ತಪ್ಪುಗಳು ಹೆಚ್ಚಾಗಿ ಸಮಯದ್ದು, ಅವಸರದ್ದು ಆಗಿದ್ದರೆ ನಿನಗೆ ಬೇಕಾದದ್ದು ಹಳೇ ಪತ್ರಿಕೆಗಳ ಒಂದು ಕಟ್ಟು ಮತ್ತು ಒಂದು ಗಡಿಯಾರ. ಎನ್‌ಸಿಇಆರ್‌ಟಿ ಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಐಐಟಿ ಕಾನ್ಪುರ ಮತ್ತು ಶಿಕ್ಷಣ ಸಚಿವಾಲಯ 2023ರಲ್ಲಿ ಶುರು ಮಾಡಿದ ‘ಸಾಥಿ’ ಎಂಬ ಪೋರ್ಟಲ್‌ನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರದ ಪಾಠಗಳು ದುಡ್ಡಿಲ್ಲದೆ ಸಿಗುತ್ತವೆ. ಅದು ನೀಟ್, ಜೆಇಇಗೆ ಮಾಡಿದ್ದು. ಪಾಠ ಅಲ್ಲಿ ಕೇಳು, ಅಭ್ಯಾಸ ಸಿಇಟಿ ಪತ್ರಿಕೆಯಲ್ಲಿ ಮಾಡು. ಅರ್ಥವಾಗದ ಪಾಠಗಳನ್ನು ನಿನ್ನ ಕಾಲೇಜಿನ ಮೇಷ್ಟ್ರ ಹತ್ತಿರ ತೆಗೆದುಕೊಂಡು ಹೋಗು. ಅವರನ್ನು ಯಾರೂ ಕೇಳುವುದೇ ಇಲ್ಲ. ಕೇಳಿದರೆ ಖುಷಿಪಡುತ್ತಾರೆ.

(ಒಬ್ಬ ತಾಯಿ: ‘ಅವಳಿಗೆ ಡಾಕ್ಟರ್ ಆಗಬೇಕು ಅಂತ ಮನಸ್ಸಲ್ಲಿದೆ, ಸಿಗದಿದ್ದರೆ ಫಾರ್ಮಸಿ. ಆಗ?’)

ಆಗ ನೀಟ್ ಕೋಚಿಂಗ್ ಸರಿಯೇ. ನನ್ನ ತಕರಾರು ಆ ಮನಸ್ಸೇ ಇಲ್ಲದ ಮಗುವನ್ನು ಅಲ್ಲಿ ಕೂರಿಸಿದ್ದಕ್ಕೆ. ಆದರೆ ಏಪ್ರಿಲ್‌ಗೆ ಮೊದಲು ನಾಲ್ಕೈದು ಸಿಇಟಿ ಪತ್ರಿಕೆಯನ್ನು ಬೇರೆಯಾಗಿ ಬರೆಸಿ. ಒಂದನ್ನೂ ಖಾಲಿ ಬಿಡದೆ ಬರೆಯುವ ಅಭ್ಯಾಸ ಕೈಗೆ ಬರಬೇಕು.

(ಹಿಂದಿನ ಸಾಲಿನಿಂದ: ‘ನಿಮ್ಮ ಮಗಳು ಕೊನೆಗೆ ಯಾವ ಕೋಚಿಂಗ್ ಹೋದಳು?’)

ಹೇಳಿದರೆ ನಾಳೆ ನೀವೆಲ್ಲಾ ಅಲ್ಲೇ ಸಾಲಲ್ಲಿ ನಿಲ್ಲುತ್ತೀರಿ, ಅದಕ್ಕೇ ಹೆಸರು ಹೇಳುವುದಿಲ್ಲ. ನಿವೃತ್ತರಾದ ಒಬ್ಬ ಭೌತಶಾಸ್ತ್ರ ಮೇಷ್ಟ್ರ ಮನೆ ಜಗಲಿ. ಆರು ಮಕ್ಕಳು. ಶನಿವಾರ, ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕೂವರೆ. ಐದರ ಬಸ್ಸಿಗೆ ಸರಿಯಾಗುತ್ತಿತ್ತು. ಮಳೆ ಜೋರಾದರೆ ಹೆಂಚಿನ ಸದ್ದಿಗೆ ಏನೂ ಕೇಳುತ್ತಿರಲಿಲ್ಲವಂತೆ. ಆಗ ಮೇಷ್ಟ್ರು ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದರು.

ಬಾಗಿಲ ಹತ್ತಿರದ ಮೇಜಿನ ಮೇಲೆ ರಸಾಯನಶಾಸ್ತ್ರದ ಒಂದು ಹಳೇ ಪತ್ರಿಕೆ ಮತ್ತು ಖಾಲಿ ಓಎಂಆರ್ ಹಾಳೆಯ ಜೆರಾಕ್ಸ್ ಇಟ್ಟಿದ್ದೇನೆ. ಒಬ್ಬರಿಗೆ ಒಂದು. ಕೀ ಉತ್ತರ ಕೊಟ್ಟಿಲ್ಲ. ಭಾನುವಾರ ಬರೆದು ಸೋಮವಾರ ಅಂಗಡಿಗೆ ತನ್ನಿ, ಮಧ್ಯಾಹ್ನ ಮೂರರ ಮೇಲೆ ನಾನು ಸ್ವಲ್ಪ ಖಾಲಿ ಇರುತ್ತೇನೆ.